ಎರಡನೇ ಮಗ್ಗುಲು, ಮೂರನೇ ಹಾಡು

ಹೇಯ್ಸ್ ಊರಿಗೆ ಆಗ ಎರಡು ವಾಸನೆ:
ಕಾಲುವೆಯಾಚೆ ಹುರಿದ ಕಾಫಿಯದು,
ಈಚೆ ನಮ್ಮದು, ಕಾದ ಪ್ಲಾಸ್ಟಿಕ್ಕಿನದು.
ಗಾಳಿ ಹೇಳಿದಂತೆ ಊರು ಮೂಗು ತಿರುಗಿಸುತ್ತಿತ್ತು.

ಎಪ್ಪತ್ತೈದರ ಚಳಿಗಾಲ. ಹದಿನಾರು ಯಂತ್ರ,
ಹಗಲೂ ರಾತ್ರಿ ಅದೊಂದೇ ಪ್ಲೇಟು.
ಕರಿ ಹಿಟ್ಟಿನ ಉಂಡೆಯಿಟ್ಟು, ಮುಚ್ಚಿ, ಒತ್ತಿ,
ಉಗಿ ಬಿಟ್ಟು, ತಣ್ಣೀರು ಹರಿಸಿ, ತೆಗೆದರೆ ರೊಟ್ಟಿ.
ಅರ್ಧ ನಿಮಿಷಕ್ಕೊಂದು. ಅಂಚಿನ ಸಿಪ್ಪೆ ಕತ್ತರಿಸಿ
ಗೂಟಕ್ಕೆ ಪೋಣಿಸುವುದರೊಳಗೆ
ಗೇಟಿನಲ್ಲಿ ಲಾರಿಯ ಹಾರ್ನು.

ಬ್ಯಾಂಡಿನವರು ನಾಲ್ವರು. ಕವರಿನ ಮೇಲೆ
ಖಾಲಿ ಈಜುಕೊಳದ ತಳದಲ್ಲಿ
ಓವರ್‌ಕೋಟು ತೊಟ್ಟು ನಿಂತವರು.
ನಾನು ಕವರಿಗೆ ತುಂಬುವವಳು.
ದಿನಕ್ಕೆ ಎರಡು ಸಾವಿರ ಸಲ ಅವರ ಮುಖ ಕಂಡೆ,
ದನಿ ಕೇಳಿರಲಿಲ್ಲ.

ಕೇಳುವವಳು ಎನಿಡ್ ಪರ್ಕಿಸ್.
ಗಾಜಿನ ಗೂಡು, ಕಿವಿಗೆ ಕಪ್ಪು ಚಿಪ್ಪು,
ಮಡಿಲಲ್ಲಿ ಅರ್ಧ ಹೆಣೆದ ಹಳದಿ ಕಾಲುಚೀಲ.
ಐನೂರಕ್ಕೊಂದು ಪ್ಲೇಟು ಅವಳ ಸೂಜಿಯಡಿಗೆ.
ಹಾಡು ಕೇಳಲಿಕ್ಕಲ್ಲ ಅವಳಿಗೆ ಸಂಬಳ,
ಹಾಡಿನಲ್ಲಿ ಇರಬಾರದ್ದನ್ನು ಕೇಳಲಿಕ್ಕೆ:
ಚಟ್, ಚರ್, ಅಕ್ಕಿಯೊಳಗಿನ ಕಲ್ಲು.
"ಹೇಗಿದೆ ಹಾಡು?" ಎಂದರೆ
"ಯಾವ ಹಾಡು?" ಎನ್ನುವಳು, ನಗದೆ.
ತುಳಜವ್ವ ಎಂಬ ನನ್ನ ಹೆಸರಿನ ಳಕಾರವನ್ನು
ಮುಕ್ಕಾಗಿಸದೆ ಕರೆದವಳು
ಆ ಊರಲ್ಲಿ ಅವಳೊಬ್ಬಳೇ.

ಒಂದು ಮಂಗಳವಾರ ಎನಿಡ್ ಕೆಂಪು ಗುಂಡಿ ಒತ್ತಿದಳು.
ಹದಿನಾರೂ ನಿಂತವು.
ಸೂರಿನ ಪಾರಿವಾಳಗಳು ಗಾಬರಿಬಿದ್ದು ಎದ್ದವು,
ಅವು ಹುಟ್ಟಿದ್ದೇ ಆ ಸದ್ದಿನಲ್ಲಿ.
ಎರಡನೇ ಮಗ್ಗುಲು, ಮೂರನೇ ಹಾಡು,
ಗಿಟಾರು ಅಡಗಿ ಡ್ರಮ್ಮು ಏಳುವ ಸಂದಿನಲ್ಲಿ
ಏನೋ ಒಂದು. ಒತ್ತಿದ ಎಲ್ಲದರಲ್ಲೂ.
ನಾಲ್ಕು ಸಾವಿರ ಪ್ಲೇಟು ಕತ್ತರಿಗೆ, ಮತ್ತೆ ಹಿಟ್ಟಿಗೆ.

ಮೇಲಿನವರು ಟೈ ಸಡಿಲಿಸಿಕೊಂಡು ಇಳಿದು ಬಂದರು.
ಲಂಡನ್ನಿನಿಂದ ಮೂಲ ಟೇಪು ಟ್ಯಾಕ್ಸಿಯಲ್ಲಿ ಬಂತು.
ಕೇಳಿದರು. ತಿರುಗಿಸಿ ಕೇಳಿದರು.
ಕೊನೆಗೆ ಮೀಸೆ ಬಾರದ ಒಬ್ಬ ಎಂಜಿನಿಯರು
"ದೋಷವಲ್ಲ ಮೇಡಂ, ಕೆಮ್ಮು" ಎಂದ.
ಡ್ರಮ್ಮಿನವನದು. ಬಾಯಿ ಮುಚ್ಚಿ ನುಂಗಿಕೊಂಡದ್ದು.
ಬಾರಿಸಿದವರಿಗೆ ಕೇಳಿಲ್ಲ, ಮಾರಿದವರಿಗೆ ಕೇಳಿಲ್ಲ,
ಹತ್ತು ಲಕ್ಷ ಜನ ಕೊಂಡು
ಅದರ ಮೇಲೇ ಕುಣಿದು ದಾಟಿದ್ದಾರೆ.

ಅರ್ಧ ದಿನದ ಸಂಬಳ ಮುರಿದರು.
ಅದಕ್ಕೆ ಅವಳು ಮುಖ ಸಣ್ಣದು ಮಾಡಲಿಲ್ಲ.
ಕ್ಯಾಂಟೀನಿನಲ್ಲಿ ಚಹದ ಲೋಟಕ್ಕೆ ಬೆರಳು ಬಿಗಿದು
"ಅದು ಚಳಿಯ ಕೆಮ್ಮಲ್ಲ, ತುಳಜವ್ವಾ,
ಮಲಗಿದವರು ಏಳಬಾರದೆಂದು ಕೆಮ್ಮುವ ಕೆಮ್ಮು.
ಆ ಹುಡುಗನಿಗೆ ಯಾರಾದರೂ ಹೇಳಿದರಾ,
ಎದೆ ತೋರಿಸಿಕೋ ಅಂತ?"
ನಾನು ಇನ್ನೊಂದು ಚಮಚ ಸಕ್ಕರೆ ಹಾಕಿದೆ.
ಯಾರ ಕೆಮ್ಮು ಅವಳಿಗೆ ಅಷ್ಟು ಪಾಠವಾಗಿತ್ತೋ
ಕೇಳುವುದು ನನ್ನ ಕೆಲಸವಾಗಿರಲಿಲ್ಲ.

ಆ ಶುಕ್ರವಾರ ಸ್ಟಾಫ್ ದರದಲ್ಲಿ
ಅದೇ ಪ್ಲೇಟು ಕೊಂಡಳು ಎನಿಡ್.
ಮನೆಯಲ್ಲಿ ಪ್ಲೇಯರ್ ಇರಲಿಲ್ಲ.

ಈಗ ಕಾರ್ಖಾನೆಯ ಜಾಗದಲ್ಲಿ ಫ್ಲ್ಯಾಟುಗಳು,
ಕಾಫಿಯ ವಾಸನೆಯೂ ಹೋಯಿತು.
ಐವತ್ತು ವರ್ಷಕ್ಕೆ ಆಲ್ಬಂ ತೊಳೆದು
ಹೊಸದಾಗಿ ಬಿಟ್ಟಿದ್ದಾರೆ; ಮೊಮ್ಮಗಳು ಫೋನಿನಲ್ಲಿ ಹಾಕಿದಳು.
ಎರಡನೇ ಮಗ್ಗುಲೇ ಇಲ್ಲ ಅದಕ್ಕೆ.
ಹಾಡು ಬಂತು, ಗಿಟಾರು ಅಡಗಿತು,
ಆ ಸಂದಿನಲ್ಲಿ ಆಸ್ಪತ್ರೆಯ ನೆಲದಂಥ ಬಿಳುಪು.

ಮರುದಿನ ಕೋಲ್ಡ್‌ಹಾರ್ಬರ್ ಲೇನಿನ ದಾನದಂಗಡಿಯಲ್ಲಿ
ಎರಡು ಪೌಂಡಿಗೆ ಹಳೆಯದು ಸಿಕ್ಕಿತು.
ಈಜುಕೊಳದ ಮೇಲೆ ಯಾರದೋ ಚಹದ ಉಂಗುರ.
ಕವರಿನಿಂದ ತೆಗೆದೆ.
ಜನ್ಮದಲ್ಲಿ ನಾನು ತುಂಬಿದ್ದೇ ಹೆಚ್ಚು, ತೆಗೆದದ್ದಿಲ್ಲ.
ಸೂಜಿಯಿಟ್ಟೆ. ಅಕ್ಕಿಗಿಂತ ಕಲ್ಲೇ ಜಾಸ್ತಿ.
ಚರ್. ಚಟ್. ಗಿಟಾರು ಅಡಗಿತು.
ಉಸಿರು ಹಿಡಿದೆ. ಚಟ್,
ಅದರ ಹಿಂದೆ, ಅಲ್ಲ, ಒಳಗೆ

ಎದ್ದು ಸೂಜಿಯನ್ನು ಒಂದೆಳೆ ಹಿಂದಕ್ಕಿಟ್ಟೆ.