ಬೇವಾರಸು

ಕಚೇರಿ ಮುಂದಿನ ಹುಣಿಸೆ ಮರದಡಿ
ಎರಡಾಣೆ ಮೊದಲೇ ಇಸಕೊಂಡು
ನರಸೋಜಿರಾಯರು ಟಾಕನ್ನು ಮಸಿಗೆ ಅದ್ದಿ ಕೇಳಿದರು:
‘ಹುಡುಗನಿಗೆ ಯಾರಿದ್ದಾರೆ?’
ನಾನಿದ್ದೀನಲ್ಲ ಸ್ವಾಮಿ, ಸೋದರತ್ತೆ.
ಹೆತ್ತವರಿಬ್ಬರೂ ಒಂದೇ ವಾರದ ವಾಂತಿಭೇದಿಗೆ ಹೋದಾಗ
ತೊಟ್ಟಿಲಿಂದ ಎತ್ತಿಕೊಂಡವಳು.

ರಾಯರು ನಕ್ಕರು.
‘ನೀನಿದ್ದರೆ ಸರ್ಕಾರಕ್ಕೆ ಕನಿಕರ ಹುಟ್ಟುವುದಿಲ್ಲ ತಾಯಿ.
ಬೇವಾರಸು ಅಂತ ಬರೀತೀನಿ.
ದಿಕ್ಕಿಲ್ಲ, ದೆಸೆಯಿಲ್ಲ, ದೊರೆಗಳ ಪಾದವೇ ಗತಿ.
ಒಂದು ಸಾಲಿನಲ್ಲಿ ನಿನ್ನ ಸಾಯಿಸಿದರೆ
ಹುಡುಗ ಬದುಕಿಕೊಂಡಾನು.’

ಸಾಯಿಸಿ ಸ್ವಾಮಿ, ಅಂದೆ.
ಮಸಿ ಒಣಗಲೆಂದು ಮರಳು ಉದುರಿಸಿದರು.
ನನ್ನ ಮೇಲೂ ಒಂದು ಹಿಡಿ ಬಿದ್ದಂತಾಯಿತು.

ಸತ್ತವಳು ಏಳು ತಿಂಗಳು ತಿರುಗಿದೆ,
ಬುರುಜನಹಟ್ಟಿಯಿಂದ ಕಚೇರಿಗೆ,
ಕಚೇರಿಯಿಂದ ಶಿರಸ್ತೇದಾರರ ಹಿತ್ತಿಲಿಗೆ.
ಮನೆಯಲ್ಲಿ ಇದ್ದದ್ದು ಮುರುಕೊಂಬಿ ಎಮ್ಮೆ ಒಂದೇ.
ಅದರ ತುಪ್ಪ ನನಗಿಂತ ಮುಂದೆ ಒಳಗೆ ಹೋಗುತ್ತಿತ್ತು.
ದವಾಲಿ ತೊಟ್ಟ ದಸ್ತಗೀರ ಒಂದು ಮಡಕೆಗೆ
ಬಾಗಿಲ ನೆರಳು ಕೊಟ್ಟ, ಬಾಗಿಲು ಕೊಡಲಿಲ್ಲ.
ಕಟ್ಟಿನ ಅಡಿಯಲ್ಲಿದ್ದ ಅರ್ಜಿ
ಮೇಲೆದ್ದು ಬರಲು ಮೂರು ಮಡಕೆ ಹಿಡಿಯಿತು.
ಶಿರಸ್ತೇದಾರರ ಹೆಂಡತಿ ಮೂಸಿ ನೋಡಿ
‘ಕಾಯಿಸುವಾಗ ತುಸು ಸೀದಿದೆ’ ಅಂದರು.
ಮಡಕೆಯನ್ನೂ ಹಿಂದಕ್ಕೆ ಕೊಡಲಿಲ್ಲ.

ಹುಡುಗ ಒಣ ಮುದ್ದೆ ನುಂಗುತ್ತ ಕೇಳಿದ,
‘ಎಮ್ಮೆ ಬತ್ತಿದೆಯಾ ಅತ್ತೆ?’
ಹೂಂ ಅಂದೆ. ಹಿತ್ತಿಲಲ್ಲಿ ಅದು ಅಂಬಾ ಎಂದಿತು.

ಕೊನೆಗೆ ಬಂತು ಹುಕುಂ, ಅರಗಿನ ಮೊಹರು ಸಮೇತ:
ದನದ ದೊಡ್ಡಿಗೆ ಗುಮಾಸ್ತೆ,
ತಿಂಗಳಿಗೆ ಐದು ರೂಪಾಯಿ.
ರುಮಾಲು ಸುತ್ತಲು ಬಾರದೆ ನಾಲ್ಕು ಸಲ ಬಿಚ್ಚಿದ.
ಒಂದು ತುದಿ ಹಿಡಿದು ನಿಂತೆ,
ನಡುವೆ ಎಂಟು ಮೊಳ ಬಿಳಿ ಬಟ್ಟೆ.

ಆ ಬೇಸಗೆಯಲ್ಲೇ ಮುರುಕೊಂಬಿ
ಹಗ್ಗ ಹರಿದು ದೊರೆಯ ಬಂಗಲೆಗೆ ನುಗ್ಗಿತು.
ಸೀಮೆ ಹೂವಿನ ಗಿಡ ಅರ್ಧ ಮೇಯ್ದು
ಉಳಿದರ್ಧದ ಮೇಲೆ ಮಲಗಿತ್ತಂತೆ.

ದೊಡ್ಡಿಯ ಬಾಗಿಲಲ್ಲಿ ದಫೇದಾರ ನಿಂತಿದ್ದ.
ಅದಕ್ಕೇ ಇರಬೇಕು, ಹುಡುಗ ತಲೆ ಎತ್ತಲಿಲ್ಲ.
ಇದರ ಗಿಣ್ಣಿಗೆ ಬೆರಳು ಚೀಪಿದವನು
ಪುಸ್ತಕ ನೋಡಿಕೊಂಡು ಓದಿದ:
‘ಎಮ್ಮೆ ಒಂದು. ಬಣ್ಣ ಕಪ್ಪು.
ಎಡಗೊಂಬು ಮುರುಕು. ಬೇವಾರಸು.’
ಆಮೇಲೆ ಕೇಳಿದ,
‘ವಾರಸುದಾರರು ಯಾರು?’

ನಾನು.
ಜೋರಾಗಿಯೇ ಅಂದೆನೇನೋ,
ಒಳಗಿದ್ದ ದನಗಳೂ ತಿರುಗಿ ನೋಡಿದವು.

‘ಹೆಸರು?’
ಪಾಲಕ್ಕ.
‘ತಂದೆಯ ಹೆಸರು?’
ನಿನ್ನದೇ.

ಟಾಕು ನಿಂತಿತು.
ತುದಿಯಲ್ಲಿ ಮಸಿ ದಪ್ಪಗಾಗಿ ಹಾಳೆಗೆ ತೊಟ್ಟಿಕ್ಕಿತು.
ಅಜ್ಜನ ಹೆಸರೇ ಇರಲೆಂದು
ಅವನ ಕಿವಿಯಲ್ಲಿ ಮೂರು ಸಲ ಕೂಗಿದವಳು ನಾನು.
ಬರೆದ, ಸೂರಯ್ಯ ಎಂದು,
ತನ್ನ ರುಜುವಿನಂತೆಯೇ, ಕೊನೆಗೊಂದು ಬಾಲ ಎಳೆದು.

ದಂಡ ಎಂಟಾಣೆ, ಮೇವಿನ ಬಾಬ್ತು ಎರಡಾಣೆ.
ಸೆರಗಿನ ಗಂಟು ಬಿಚ್ಚಿ ಎಣಿಸಿದೆ,
ಹೋದ ಸೋಮವಾರ ಅವನೇ ತಂದುಕೊಟ್ಟ ದುಡ್ಡು.
‘ಇಲ್ಲಿ ನಿಶಾನಿ ಹಾಕಬೇಕು’ ಅಂದ.
ನಾನು ಹಿಡಿದ ಟಾಕು ತಲೆಕೆಳಗಾಗಿತ್ತು.
ಮುಖ ನೋಡದೆ ತಿರುಗಿಸಿ ಕೊಟ್ಟ.
ಅವನ ಬೆರಳು ಒದ್ದೆಯಾಗಿದ್ದವು.

ಸಂತೆ ಹೊಂಡದ ಪಕ್ಕದಲ್ಲಿ ಎಮ್ಮೆ ಹೊಡೆದುಕೊಂಡು ಬಂದೆ.
ರಶೀದಿ ಕುಪ್ಪಸದೊಳಗೆ ಚುಚ್ಚುತ್ತಿತ್ತು.
ಸರ್ಕಾರದ ಕಾಗದದಲ್ಲಿ ನಾನೀಗ ಬದುಕಿದ್ದೆ,
ಹತ್ತಾಣೆಗೆ.

ರಾತ್ರಿ ಊಟಕ್ಕೆ ಕೂತವನು
ತುಪ್ಪ ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದ.
ಕೈ ಸರಿಸಿ ಹಾಕಿದೆ.