ಏಳನೆಯ ಪ್ರಶ್ನೆ

ಏಳನೆಯ ಪ್ರಶ್ನೆ: ಮರಳ ನಾಲಗೆ ಹೇಗೆ ಉಂಟಾಗುತ್ತದೆ, ವಿವರಿಸಿ.
ಆರು ಅಂಕ.
‘ಅಲೆ ಓರೆಯಾಗಿ ಬಂದು’ ಅಂತ ಬರೆದಿದ್ದೆ, ಅಷ್ಟೆ.
ದೀಪ ಹೋಯಿತು. ಇಮಿಂಗ್‌ಹ್ಯಾಮ್ ಬಂದರಿನ ಕಡೆಯಿಂದ ಬಂದ ಸದ್ದಿಗೆ
ಜಿಮ್ ಹಾಲಿನ ಹಗ್ಗಗಳು ತಮ್ಮಷ್ಟಕ್ಕೆ ತೂಗಿದವು.

ಯಾರೂ ಕಿರುಚಲಿಲ್ಲ.
ಮಿಸೆಸ್ ಆಪಲ್‌ಗಾರ್ತ್ ಸ್ಟಾಪ್‌ವಾಚ್ ಒತ್ತಿ ‘ಪೆನ್ನು ಕೆಳಗಿಡಿ’ ಅಂದರು.
ನೂರಿಪ್ಪತ್ತು ಪೆನ್ನು ಒಟ್ಟಿಗೆ ಮೇಜಿಗೆ ತಾಗಿದವಲ್ಲ,
ನನ್ನ ಪಾಲಿಗೆ ಯುದ್ಧ ಶುರುವಾದದ್ದು
ಆ ಸಣ್ಣ ಸದ್ದಿನಿಂದ.

ಕಿಟಕಿಯಾಚೆ ಹಂಬರ್ ಅಳಿವೆ, ಅದರಾಚೆ ಸ್ಪರ್ನ್:
ನಾನು ವಿವರಿಸಬೇಕಿದ್ದ ನಾಲಗೆಯೇ
ಕಡಲಿಗೆ ಚಾಚಿಕೊಂಡು ಮಲಗಿತ್ತು,
ಉತ್ತರ ಹೇಳಿಕೊಡುವ ಗೆಳತಿಯ ಹಾಗೆ.
ಅದರ ಮೇಲೆ ಹೊಗೆ.

ಸಂಜೆ ಯಾರದೋ ಕಾರಿನ ರೇಡಿಯೋ
ಅರ್ಧ ಅಟ್ಲಾಸನ್ನು ಗಟ್ಟಿಯಾಗಿ ಓದಿತು,
ನಡುವೆಯೇ ಬಾಯಿ ಮುಚ್ಚಿತು.
ಫೋನುಗಳು ಗಾಜಿನ ಬಿಲ್ಲೆಗಳಾದವು.
ಆದರೂ ಡಾರ್ಸಿ ಗಂಟೆಗೊಮ್ಮೆ ಒರೆಸಿ ನೋಡುತ್ತಿದ್ದಳು.

ಅವಳಪ್ಪನ ಮೀನಂಗಡಿ ಕ್ಲೀಥೋರ್ಪ್ಸ್ ದಂಡೆಯಲ್ಲಿದೆ.
ಅಪ್ಪನನ್ನು ಎರಡು ವಾರ ಮೊದಲೇ ಸೇನೆ ಕರೆದಿತ್ತು.
ಮೂರು ಫ್ರೀಜರ್ ತುಂಬ ಹ್ಯಾಡಕ್,
ಒಂದೊಂದೇ ಹನಿ ನೆಲಕ್ಕೆ.
ನನ್ನಮ್ಮ ಕಾರವಾರದವಳು, ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸು.
ಹೇಳುತ್ತಿರುತ್ತಾಳೆ: ಸತ್ತ ಮೀನು ಯಾರಿಗೂ ಕಾಯುವುದಿಲ್ಲ.
ಹಳೆಯ ಒಲೆ, ಗ್ಯಾಸು ಇನ್ನೂ ಬರುತ್ತಿತ್ತು,
ತೊಮಾಷ್ ಕಡ್ಡಿ ಗೀರಿದ.

ಹಿಟ್ಟು ಕಲಸುವುದು ಯಾರಿಗೂ ಬರುತ್ತಿರಲಿಲ್ಲ.
ಮೊದಲ ಮೂವತ್ತು ಮೀನು ಕರಿ, ಆಮೇಲಿನವು ಹಸಿ.
ಆದರೂ ಸಾಲು ನಿಂತಿತು, ಬೀದಿ ತಿರುಗಿ ಪಿಯರ್ ತನಕ.
ಒಬ್ಬರೂ ನುಗ್ಗಲಿಲ್ಲ.
ಒಬ್ಬ ಅಜ್ಜ ಕಾಸಿಲ್ಲವೆಂದು ಹಿಂದಿರುಗಲು ಹೊರಟಾಗ
ಬರೆದಿಟ್ಟುಕೊಳ್ಳುತ್ತೇವೆ ಅಂದೆ.
ಕಾಗದವೆಂದರೆ ನನ್ನ ಚೀಲದಲ್ಲಿದ್ದ ಉತ್ತರಪತ್ರಿಕೆ ಒಂದೇ.
ಗಲಾಟೆಯಲ್ಲಿ ಯಾರೂ ಕೇಳಿ ತೆಗೆದುಕೊಂಡಿರಲಿಲ್ಲ.
‘ಅಲೆ ಓರೆಯಾಗಿ ಬಂದು’, ಅದರ ಕೆಳಗೆ:
ಮಿ. ಬ್ಲ್ಯಾಂಚರ್ಡ್, ಮೀನು ಎರಡು. ನೀಲಿ ಬಾಗಿಲಿನವರು, ಐದು.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತದೆ ಗಾದೆ.
ನಲ್ಲಿಯಲ್ಲಿ ನೀರಿರಲಿಲ್ಲ.
ಉಪ್ಪು ಕಡಿಮೆ ಮಾಡಿದೆವು.

ಎರಡನೆಯ ದಿನ ಆಂಬುಲೆನ್ಸಿನವನೊಬ್ಬ ಚೀಟಿ ತಂದ.
ಬ್ಯಾಂಡೇಜಿನ ಹೊದಿಕೆಯ ಮೇಲೆ ಅಮ್ಮನ ಕನ್ನಡ:
ಊಟ ಮಾಡು. ಇಲ್ಲಿಗೆ ಬರಬೇಡ.
‘ಬರಬೇಡ’ದ ಕೆಳಗೆ ಎರಡು ಗೆರೆ.

ಕೀರನ್ ಸೈಕಲ್ ಹತ್ತಿ ಇಮಿಂಗ್‌ಹ್ಯಾಮ್‌ಗೆ ಹೋಗಿದ್ದ,
ಬಂದರಿನ ಕೆಲಸಕ್ಕೆ ಹೋದ ಅಪ್ಪನನ್ನು ಹುಡುಕಲು.
ಮೂರನೆಯ ದಿನ ನಡೆದುಕೊಂಡು ಬಂದ.
ಹುಬ್ಬಿನ ಕೂದಲಿರಲಿಲ್ಲ.
ಏನೂ ಹೇಳದೆ ಹಿಂದಿನ ಕೋಣೆಯಲ್ಲಿ ಕೂತು
ಎರಡು ಮೂಟೆ ಆಲೂಗಡ್ಡೆ ಸುಲಿದ.
ನಾವು ಕೇಳಲಿಲ್ಲ.
ತೊಮಾಷ್ ಮೂರನೆಯ ಮೂಟೆಯನ್ನು ಸುಮ್ಮನೆ ಪಕ್ಕದಲ್ಲಿಟ್ಟ.

ನಾಲ್ಕನೆಯ ಸಂಜೆ ಮೀನು ಮುಗಿದಿತ್ತು,
ಸಾಲಿನ ಕೊನೆಯಲ್ಲಿ ಮಿಸೆಸ್ ಆಪಲ್‌ಗಾರ್ತ್.
ಅದೇ ಕೋಟು, ಕೊರಳಲ್ಲಿ ಅದೇ ಸ್ಟಾಪ್‌ವಾಚು.
ಎಣ್ಣೆ ಹೀರಿದ ನನ್ನ ಲೆಕ್ಕದ ಪುಸ್ತಕ ತಿರುವಿದರು.
ಬೈಯುತ್ತಾರೆ ಅಂದುಕೊಂಡೆ.
‘ನಿನಗಿನ್ನೂ ಮೂವತ್ತೈದು ನಿಮಿಷ ಬಾಕಿ ಇದೆ’ ಅಂದರು,
ಚಿಪ್ಸಿನ ಪೊಟ್ಟಣ ತಗೊಂಡು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು,
ಗಡಿಯಾರ ಒತ್ತಿದರು.

ನಗು ಬಂತು. ಆಮೇಲೆ ಬರಲಿಲ್ಲ.
ಮೇಣದಬತ್ತಿ ಹತ್ತಿರ ಎಳೆದುಕೊಂಡೆ.
ಅಲೆ ಓರೆಯಾಗಿ ಬಂದು ನೇರವಾಗಿ ಹಿಂದಿರುಗುತ್ತದೆ.
ಪ್ರತಿಸಲ ಹಿಡಿಯಷ್ಟು ಮರಳು ಪಕ್ಕಕ್ಕೆ ಸರಿಯುತ್ತದೆ.
ದಡ ತಿರುಗುವಲ್ಲಿ, ನೀರಿನ ಕೈ ಸೋಲುವಲ್ಲಿ,
ಹೊತ್ತದ್ದನ್ನು ಇಳಿಸಿ…

ಅಷ್ಟರಲ್ಲಿ ಹಿಂದಿನ ಕೋಣೆಯ ಕತ್ತಲೊಳಗಿಂದ,
ಎರಡು ದಿನದ ಮೇಲೆ ಮೊದಲ ಸಲ, ಕೀರನ್:
‘ತುದಿ ಕೊಕ್ಕೆಯ ಹಾಗೆ ಒಳಗೆ ಬಾಗುತ್ತೆ.
ಅದನ್ನೂ ಬರಿ.
ಅದಕ್ಕೊಂದು ಅಂಕ ಇದೆ.’

ಬರೆದೆ.