ಸೂಲ್‌ಫ್ರಿಗೆ, ಮದುವೆಗೆ ಬರುವ ಮುನ್ನ

ನೀನು ಕೇಳಿದ್ದು ಒಂದೇ ಮಾತು, ಸೂಲ್‌ಫ್ರಿ,
ಮೀನಿನ ಮುಳ್ಳು ಕೀಳುತ್ತ, ತಲೆ ಎತ್ತದೆ:
ಏನು ಉಟ್ಟುಕೊಂಡು ಬರಲಿ ಅಂತ.
ಯಂತ್ರದ ಗದ್ದಲದಲ್ಲಿ ಆಗ ಹೇಳಲಾಗಲಿಲ್ಲ.
ಈಗ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ.

ನಿಮ್ಮಜ್ಜಿಯ ಬುನಾದನ್ನೇ ಉಡು.
ಎದೆಯ ಮೇಲಿನ ಬೆಳ್ಳಿ ಬಿಲ್ಲೆಗಳು ನಡೆದರೆ ಕಿಣಿಕಿಣಿ ಅನ್ನುತ್ತವಲ್ಲ,
ನಮ್ಮ ಹೆಂಗಸರಿಗೆ ಆ ಭಾಷೆ ಬರುತ್ತೆ.
ಯಾರಾದರೂ ಹಿಡಿದು, ತೂಗಿ ನೋಡಿ,
ಎಷ್ಟು ಗ್ರಾಮು ಅಂತ ಕೇಳಿದರೆ
ಬೇಜಾರಾಗಬೇಡ, ಹೇಳಿಬಿಡು.

ಬೂಟು ಬಾಗಿಲಲ್ಲಿ ಬಿಡುವುದನ್ನು
ಹಿಮದೂರಿನವಳಿಗೆ ನಾನು ಕಲಿಸಬೇಕೆ?
ಆದರೆ ಇನ್ನೂರೈವತ್ತು ಜೊತೆ,
ಎಲ್ಲ ಕಪ್ಪು, ಎಲ್ಲ ಒಂದೇ ಅಂಗಡಿಯವು.
ಲೇಸಿಗೊಂದು ಕೆಂಪು ದಾರ ಕಟ್ಟಿಕೋ.
ಹೋದ ಸಲ ಯೋಗನಾಥನ್ ಎರಡೂ ಎಡಗಾಲಿನವನ್ನು
ಮೆಟ್ಟಿ ಮನೆಗೆ ಹೋದರು,
ಗೊತ್ತಾದದ್ದು ಮಾರನೆಯ ದಿನ.

ಕಾರ್ಡಿನಲ್ಲಿ ಎಂಟು ಅಂತಿದೆ. ನೀನು ಎಂಟಕ್ಕೇ ಬರುತ್ತೀ.
ನೀನೂ ಕುರ್ಚಿಗಳೂ ಇರುತ್ತೀರಿ.
ಮುಹೂರ್ತ ಒಂಬತ್ತು ನಲವತ್ತಕ್ಕೆ,
ಅಯ್ಯರು ಓಸ್ಲೋದಿಂದ ಹಾರಿ ಬರಬೇಕು, ಗಾಳಿ ಬಿಟ್ಟರೆ.
ಅವರ ಪಂಚಾಂಗದ ಸೂರ್ಯ ಜಾಫ್ನಾದವನು,
ಆರಕ್ಕೇ ಎದ್ದು ಮಿಂದು ಮಡಿಯುಟ್ಟಿರುತ್ತಾನೆ.
ನಮ್ಮ ಹಾಮರ್‌ಫೆಸ್ಟಿನವನೋ
ಎರಡು ತಿಂಗಳು ರಜೆ ಹಾಕಿ
ಮೊನ್ನೆ ಮೊನ್ನೆ ಪಾಳಿಗೆ ಬಂದವನು.
ಇಬ್ಬರಲ್ಲಿ ಯಾರ ಮಾತು ಕೇಳುವುದೆಂದು
ನಾವಿನ್ನೂ ಜಗಳ ಮುಗಿಸಿಲ್ಲ.

ಹೊಗೆ ಕಂಡರೆ ಓಡಬೇಡ.
ಐವಿಂದ್ ಬೆಂಕಿಗಂಟೆಯ ತಂತಿ ಬಿಡಿಸಿದ್ದಾನೆ.
ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ನೀರಿನ ಬಕೆಟ್ಟು ಹಿಡಿದು,
ವೇಷ್ಟಿಯ ಮೇಲೆ ಬೆಲ್ಟು ಬಿಗಿದುಕೊಂಡು
ನಿಂತಿರುತ್ತಾನೆ. ನಗಬೇಡ.

ನಡುವೆ ಹುಡುಗಿ ಎದ್ದು ಹೋಗುತ್ತಾಳೆ.
ಮನಸ್ಸು ಬದಲಾಗಿಲ್ಲ, ಸೀರೆ ಬದಲಾಗುತ್ತೆ.
ಕೈಗೆ ಅಕ್ಕಿ ಕೊಡುತ್ತಾರೆ, ಬಾಯಿಗೆ ಹಾಕಿಕೊಳ್ಳಬೇಡ.
ಅವರ ತಲೆಯ ಮೇಲೆ ಚೆಲ್ಲಬೇಕು, ಮೆಲ್ಲಗೆ,
ಮೀನಿಗೆ ಉಪ್ಪು ಉದುರಿಸುವ ಹಾಗೆ.
ಅದು ನಿನಗೆ ನಮಗಿಂತ ಚೆನ್ನಾಗಿ ಬರುತ್ತೆ.

ವಾದ್ಯ ಒಮ್ಮೆಲೇ ಹುಚ್ಚೆದ್ದರೆ ಗಟ್ಟಿಮೇಳ, ತಾಳಿಯ ಹೊತ್ತು.
ಯಾರ ಸೀನೂ, ಯಾರ ಕೆಟ್ಟ ಮಾತೂ
ಆ ಕ್ಷಣದಲ್ಲಿ ಕೇಳಿಸಬಾರದು ಅಂತ ಅಷ್ಟು ಸದ್ದು.
ಅಳುವುದಿದ್ದರೆ ಆಗ ಅಳು.
ನಾನೂ ಆಗಲೇ.

ಮುಂದಿನ ಸಾಲಿನ ಎಡತುದಿಯ ಕುರ್ಚಿ,
ರೇಷ್ಮೆ ಶಾಲು ಹೊದಿಸಿದ್ದು, ಖಾಲಿ ಅಲ್ಲ.
ಹುಡುಗಿಯ ಸೋದರಮಾವನದು. ನನ್ನ ತಮ್ಮ, ತವಕುಮಾರನ್.
ಸತ್ತ ಅಂತ ಯಾರೂ ಕಾಗದ ಕೊಟ್ಟಿಲ್ಲ,
ಇದ್ದಾನೆ ಅಂತಲೂ.
ಫೋಟೋಗೆ ಹಾರ ಹಾಕುವಂತಿಲ್ಲ,
ಕುರ್ಚಿ ಹಾಕಬಹುದು.
ಅದರ ಮೇಲೆ ಕೋಟು ಇಡಬೇಡ.
ಬೇರೇನೂ ಮಾಡಬೇಕಿಲ್ಲ.

ಆಮೇಲೆ ಊಟ. ಬಲಗೈ.
ಬಾಳೆಲೆ ವಿಮಾನ ಹತ್ತಿ ಬಂದದ್ದು, ಅಯ್ಯರಿಗಿಂತ ದುಬಾರಿ.
ಮೀನು ಇರುವುದಿಲ್ಲ.
ಹೌದು, ಈ ಊರಲ್ಲಿ,
ಇಪ್ಪತ್ತಾರು ವರ್ಷ ಮೀನೇ ಅನ್ನ ಹಾಕಿದ ನಮ್ಮ ಮನೆಯ ಮದುವೆಯಲ್ಲಿ.
ಒಂದು ದಿನ ಅದಕ್ಕೂ ರಜೆ.
ಸಾಕಾದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿ,
ಬಾಯಲ್ಲಿ ಹೇಳಿದರೆ ನಮ್ಮವರು ನಂಬುವುದಿಲ್ಲ.
ಉಂಡ ಎಲೆಯನ್ನು ನಿನ್ನ ಕಡೆಗೆ ಮಡಿಸು.
ಆಚೆಗೆ ಮಡಿಸುವುದು ಸಾವಿನ ಮನೆಯಲ್ಲಿ.

ಮುಯ್ಯಿ ಬೇಡ ಅಂದರೆ ನೀನು ಕೇಳುವವಳಲ್ಲ.
ಲಕೋಟೆಯಲ್ಲಿ ಎಷ್ಟಾದರೂ ಇಡು, ಕೊನೆಗೊಂದು ಕ್ರೋನ ಸೇರಿಸು.
ಆ ಒಂದು, ಲೆಕ್ಕ ಮುಗಿಯದಿರಲಿ ಅಂತ.

ಹೊರಡುವಾಗ ಹೋಗುತ್ತೇನೆ ಅನ್ನಬೇಡ,
ಹೋಗಿ ಬರುತ್ತೇನೆ ಅನ್ನು.
ಸೋಮವಾರ ಆರರ ಪಾಳಿಗೆ
ಅದೇ ನೀಲಿ ಗ್ಲೌಸು ತೊಟ್ಟು, ಒಳಗೆ ಅರಿಶಿನದ ಕೈ,
ಪಕ್ಕಪಕ್ಕ ನಿಂತೇ ಇರುತ್ತೇವೆ, ಗೊತ್ತು.
ಆದರೂ ಹೇಳು.